ಬಹಳ ವರ್ಷದ ಕೆಲಸ ಬಿಡುವ ಮುಂಚೆ ತಂಡವನ್ನು ಹೇಗೆ ಸಜ್ಜು ಮಾಡಬೇಕು

ಒಂದೇ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ 16 ವರ್ಷ ಕೆಲಸ ಮಾಡಿದೆ. ಅದರಲ್ಲಿ 9 ವರ್ಷ ತಂಡ ನಡೆಸಿದ್ದು ನಾನೇ. ಬಿಡುತ್ತೇನೆ ಎಂದು ಬರೆದುಕೊಟ್ಟ ಮೇಲೆ ಉಳಿದದ್ದು ಮೂರು ತಿಂಗಳು. ತಂಡ ನಡೆಸುವುದು ಅಂದರೇನು ಎಂದು ಆ ಮೂರು ತಿಂಗಳಲ್ಲಿ ಗೊತ್ತಾದಷ್ಟು ಹಿಂದಿನ 9 ವರ್ಷದಲ್ಲಿ ಗೊತ್ತಾಗಿರಲಿಲ್ಲ. ನೀವೂ ಹಾಗೇ ಹೊರಡುವ ತಯಾರಿಯಲ್ಲಿದ್ದರೆ ಇದು ನಿಮಗಾಗಿ. ಹೊರಡುವ ಯೋಚನೆ ಇಲ್ಲದವರೂ ಓದಿ, ಇದರಲ್ಲಿ ಮುಕ್ಕಾಲು ಪಾಲು ಇವತ್ತೇ ಶುರು ಮಾಡಬಹುದಾದದ್ದು.

ಮೊದಲು ಪ್ರಶ್ನೆಗಳನ್ನು ಬರೆದಿಡಿ

ಚಾರ್ಜ್ ಒಪ್ಪಿಸುವುದು ಅಂದ ತಕ್ಷಣ ನಾವೆಲ್ಲ ನಮಗೆ ಗೊತ್ತಿರುವುದನ್ನು ಬರೆಯಲು ಕೂರುತ್ತೇವೆ. ನಾನೂ ಹಾಗೇ ಮಾಡಿದೆ. ಎರಡು ದಿನ ಕೂತು ಉದ್ದದ ಫೈಲ್ ಮಾಡಿದೆ, ಎಲ್ಲರಿಗೂ ಕಳಿಸಿದೆ, ಯಾರೂ ಓದಲಿಲ್ಲ. ತಪ್ಪು ಅವರದಲ್ಲ. ನನಗೆ ಮುಖ್ಯ ಅನ್ನಿಸಿದ್ದೇ ಬೇರೆ, ಅವರಿಗೆ ಬೇಕಾಗಿದ್ದೇ ಬೇರೆ.

ಆಮೇಲೆ ಒಂದು ಸಣ್ಣ ನೋಟ್‌ಬುಕ್ ಮೇಜಿನ ಮೇಲೆ ಇಟ್ಟುಕೊಂಡೆ. ಯಾರಾದರೂ ಬಂದು ಏನಾದರೂ ಕೇಳಿದರೆ, ಅವರು ಹೋದ ಮೇಲೆ ಆ ಪ್ರಶ್ನೆಯನ್ನು ಅವರದೇ ಮಾತಿನಲ್ಲಿ ಒಂದು ಸಾಲು ಬರೆಯುತ್ತಿದ್ದೆ. 'ಮೇಡಂ, ಈ ಬಿಲ್ ಈ ತಿಂಗಳಿಗೆ ಹಾಕಲಾ, ಮುಂದಿನ ತಿಂಗಳಿಗಾ?' 'ಮೇಡಂ, ಇವರಿಗೆ ಮೇಲ್ ಮಾಡಿದ್ರೆ ಸಾಕಾ, ಫೋನ್ ಮಾಡಬೇಕಾ?' ಒಂದೇ ವಾರಕ್ಕೆ ಐದು ಪುಟ ತುಂಬಿತು. ಶುಕ್ರವಾರ ಸಂಜೆ ಅದನ್ನು ಓದಿದಾಗ ನಿಜಕ್ಕೂ ಬೇಜಾರಾಯಿತು. ಅರ್ಧಕ್ಕಿಂತ ಜಾಸ್ತಿ ಪ್ರಶ್ನೆಗಳಿಗೆ ಉತ್ತರ ಅವರಿಗೇ ಗೊತ್ತಿತ್ತು. ಗೊತ್ತಿದ್ದೂ ಕೇಳುತ್ತಿದ್ದರು, ಯಾಕಂದರೆ ಕೇಳದೆ ಮಾಡಿದಾಗ ಎಂದೋ ಒಮ್ಮೆ ನಾನು ಸಿಡುಕಿದ್ದೆ.

ನೀವೂ ಒಂದು ವಾರ ಹೀಗೆ ಬರೆಯಿರಿ. ಆಮೇಲೆ ಆ ಪ್ರಶ್ನೆಗಳನ್ನು ಮೂರು ರಾಶಿ ಮಾಡಿ. ಅವರಿಗೆ ನಿಜವಾಗಿ ಗೊತ್ತಿಲ್ಲದ್ದು ಒಂದು, ಗೊತ್ತಿದ್ದೂ ಧೈರ್ಯ ಸಾಲದ್ದು ಇನ್ನೊಂದು, ಅಧಿಕಾರ ನಿಮ್ಮ ಹೆಸರಿನಲ್ಲಿ ಇರುವುದರಿಂದ ಬಂದದ್ದು ಮತ್ತೊಂದು. ಮೊದಲನೆಯದನ್ನು ಕಲಿಸಬೇಕು. ಮೂರನೆಯದಕ್ಕೆ ನಿಮ್ಮ ಮೇಲಿನವರ ಹತ್ತಿರ ಹೋಗಿ ಸಹಿ, ಪಾಸ್‌ವರ್ಡ್, ಅನುಮತಿ ಎಲ್ಲ ಈಗಲೇ ಬದಲಾವಣೆ ಮಾಡಿಸಿ, ಕೊನೆಯ ದಿನಕ್ಕೆ ಇಟ್ಟುಕೊಂಡರೆ ಖಂಡಿತ ಒಂದೆರಡು ಉಳಿದುಹೋಗುತ್ತವೆ. ಕಷ್ಟ ಇರುವುದು ಎರಡನೆಯದರಲ್ಲಿ.

ಧೈರ್ಯ ಕೊಡುವುದು ಹೇಗೆ

'ನೀವೇ ನಿರ್ಧಾರ ಮಾಡಿ' ಎಂದು ಸುಮ್ನೆ ಹೇಳಿದರೆ ಯಾರಿಗೂ ಧೈರ್ಯ ಬರುವುದಿಲ್ಲ. ಎಲ್ಲಿಯವರೆಗೆ ನಿರ್ಧಾರ ಮಾಡಬಹುದು ಎನ್ನುವ ಗೆರೆ ಹಾಕಿಕೊಡಬೇಕು. ನಾನು ಮಾಡಿದ್ದು ಇಷ್ಟು. ಯಾವ ತಪ್ಪನ್ನು ಮರುದಿನ ಸರಿ ಮಾಡಬಹುದೋ ಅಂಥದ್ದನ್ನೆಲ್ಲ ಕೇಳದೆ ಮಾಡಿ, ಮಾಡಿದ ಮೇಲೆ ಹೇಳಿದರೆ ಸಾಕು ಎಂದೆ. ಹೊರಗೆ ಹೋದ ಮೇಲೆ ವಾಪಸ್ ತರಲಾಗದ್ದು, ಅಂದರೆ ದುಡ್ಡು ಪಾವತಿ, ಹೊರಗಿನವರಿಗೆ ಹೋಗುವ ಪತ್ರ, ಇಂಥದ್ದಕ್ಕೆ ಮಾತ್ರ ಇನ್ನೊಬ್ಬರ ಕಣ್ಣು ಬೀಳಬೇಕು. ಆ ಇನ್ನೊಬ್ಬರು ನಾನೇ ಆಗಬೇಕಿಲ್ಲ, ಪಕ್ಕದ ಮೇಜಿನವರಾದರೂ ಸಾಕು.

ಮೊದಲ ವಾರ ಒಂದು ತಪ್ಪಾಯಿತು. ಒಂದು ಬಿಲ್ ತಪ್ಪು ಖಾತೆಗೆ ಹೋಗಿತ್ತು. ಬಾಯಿಗೆ ಬಂದ ಮಾತನ್ನು ತಡೆದುಕೊಂಡು 'ಹೇಗೆ ಸರಿ ಮಾಡ್ತೀರಿ?' ಎಂದಷ್ಟೇ ಕೇಳಿದೆ. ಹತ್ತು ನಿಮಿಷದಲ್ಲಿ ಸರಿಯಾಯಿತು. ಮುಂದಿನ ವಾರದಿಂದ ನೋಟ್‌ಬುಕ್ಕಿನ ಪುಟಗಳು ಕಡಿಮೆಯಾದವು. ನೀವು ಮಾಡಿಕೊಟ್ಟ ನಿಯಮ ನಿಜವೋ ಸುಳ್ಳೋ ಎಂದು ಎಲ್ಲರೂ ನೋಡುವುದು ಮೊದಲ ತಪ್ಪಾದ ದಿನ, ಆವತ್ತು ಸಿಡುಕಿದರೆ ಮತ್ತೆ ಎಲ್ಲ ಮೊದಲಿನಂತೆಯೇ.

ಕೈಯಲ್ಲಿರುವ ವಿದ್ಯೆ ಫೈಲಿನಲ್ಲಿ ಬರುವುದಿಲ್ಲ

ತಿಂಗಳ ಕೊನೆಯಲ್ಲಿ ಎರಡು ಕಡೆಯ ಮೊತ್ತ ತಾಳೆಯಾಗದಿದ್ದರೆ ನಾನು ಮೊದಲು ನೋಡುತ್ತಿದ್ದದ್ದು ವ್ಯತ್ಯಾಸ 9ರಿಂದ ಭಾಗವಾಗುತ್ತದಾ ಎಂದು. ಹಾಗೆ ಭಾಗವಾದರೆ ಯಾರೋ ಎರಡು ಅಂಕಿ ಅದಲುಬದಲು ಮಾಡಿರುವ ಸಾಧ್ಯತೆ ಜಾಸ್ತಿ. 5,400 ಬರೆಯುವ ಕಡೆ 4,500 ಬರೆದರೆ ವ್ಯತ್ಯಾಸ 900. ಹಾಗಲ್ಲದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತವನ್ನು ಹುಡುಕುತ್ತಿದ್ದೆ, ಯಾಕಂದರೆ ಖರ್ಚಿನ ಕಡೆ ಹೋಗಬೇಕಾದ್ದು ಜಮೆಯ ಕಡೆ ಹೋಗಿದ್ದರೆ ವ್ಯತ್ಯಾಸ ಎರಡು ಪಟ್ಟಾಗಿ ಕಾಣುತ್ತದೆ. ಇದೇನು ಗುಟ್ಟಲ್ಲ, ಲೆಕ್ಕ ಬರೆಯುವವರು ಬಹಳ ಹಿಂದಿನಿಂದ ಮಾಡುತ್ತಿರುವುದೇ. ಆದರೆ ನನ್ನ ಉದ್ದದ ಫೈಲಿನಲ್ಲಿ ಇದರ ಒಂದು ಸಾಲೂ ಇರಲಿಲ್ಲ! ನಾನು ಹಾಗೆ ಮಾಡುತ್ತೇನೆ ಎನ್ನುವುದೇ ನನಗೆ ಗಮನದಲ್ಲಿರಲಿಲ್ಲ. ಮೈಕೇಲ್ ಪೊಲಾನಿ ಎಂಬ ಚಿಂತಕ 1960ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಬಾಯಲ್ಲಿ ಹೇಳಲು ಆಗುವುದಕ್ಕಿಂತ ಜಾಸ್ತಿ ಸಂಗತಿ ನಮಗೆ ಗೊತ್ತಿರುತ್ತದೆ ಎನ್ನುವುದು ಅವರ ವಾದ.

ಹಾಗಾಗಿ ಜಾಗ ಬದಲಿಸಿ. ಕೊನೆಯ ಎರಡು ತಿಂಗಳು ನೀವು ಕೆಲಸ ಮಾಡಬೇಡಿ. ನಿಮ್ಮ ಜಾಗಕ್ಕೆ ಬರುವವರು ಮಾಡಲಿ, ನೀವು ಪಕ್ಕದಲ್ಲಿ ಕುರ್ಚಿ ಹಾಕಿ ಕೂರಿ. ಮೌಸ್ ಮುಟ್ಟಬೇಡಿ. ಇದು ಬಹಳ ಕಷ್ಟ, ಮೊದಲೇ ಹೇಳುತ್ತೇನೆ. ನನ್ನ ಜಾಗಕ್ಕೆ ಬಂದ ಹುಡುಗ ಒಂದು ವ್ಯತ್ಯಾಸದಲ್ಲಿ ಸಿಕ್ಕಿಕೊಂಡ. ಎಲ್ಲಿದೆ ಎಂದು ನನಗೆ ಎರಡೇ ನಿಮಿಷದಲ್ಲಿ ಹೊಳೆದಿತ್ತು. ಕೈ ಕಟ್ಟಿಕೊಂಡು ಕೂತೆ. ಅವನು ಬೇರೆಯದೇ ದಾರಿ ಹಿಡಿದು ಸಾಲು ಸಾಲಾಗಿ ನೋಡುತ್ತ ಹೋದ, ಮುಕ್ಕಾಲು ಗಂಟೆ ಹಿಡಿಯಿತು. ಆ ವ್ಯತ್ಯಾಸ ಸಿಕ್ಕಿತು, ಜೊತೆಗೆ ನಾನು ಪ್ರತಿ ತಿಂಗಳು 'ಆಮೇಲೆ ನೋಡೋಣ' ಎಂದು ಸಸ್ಪೆನ್ಸ್ ಖಾತೆಗೆ, ಅಂದರೆ ಎಲ್ಲಿಯದು ಎಂದು ಗೊತ್ತಾಗದ ಮೊತ್ತವನ್ನು ಸದ್ಯಕ್ಕೆ ಇಡುವ ಖಾತೆಗೆ, ತಳ್ಳುತ್ತಿದ್ದ ಒಂದು ಹಳೆಯ ಮೊತ್ತದ ಮೂಲವೂ ಸಿಕ್ಕಿತು. 'ಮೇಡಂ, ಇದು ಇಲ್ಲಿದೆ ನೋಡಿ' ಎಂದು ತೋರಿಸಿದಾಗ ನನಗಾದ ಖುಷಿಯನ್ನು ಇನ್ನೂ ಮರೆತಿಲ್ಲ. ನಾನು ಮೌಸ್ ಕಿತ್ತುಕೊಂಡಿದ್ದರೆ ಅದು ಅಲ್ಲೇ ಇರುತ್ತಿತ್ತು, ಅಲ್ವಾ?

ಹಾಗಂತ ಬರವಣಿಗೆ ಬೇಡವೇ ಬೇಡ ಅಂತಲ್ಲ. 1935ರಲ್ಲಿ ಅಮೆರಿಕದಲ್ಲಿ ಬೋಯಿಂಗ್‌ನ ಮಾಡೆಲ್ 299 ಎಂಬ ಹೊಸ ಬಾಂಬರ್ ವಿಮಾನ ಪರೀಕ್ಷಾ ಹಾರಾಟದಲ್ಲಿ ಮೇಲೇರಿದ ಕೂಡಲೇ ಬಿದ್ದು ಇಬ್ಬರು ಸತ್ತರು. ಓಡಿಸುತ್ತಿದ್ದವರು ನುರಿತ ಪೈಲಟ್. ನಿಂತ ವಿಮಾನದ ಬಾಲದ ಭಾಗಗಳು ಗಾಳಿಗೆ ಅಲುಗಾಡದಂತೆ ಹಾಕಿಟ್ಟಿದ್ದ ಲಾಕ್ ತೆಗೆಯುವುದು ಮರೆತುಹೋಗಿತ್ತು. ಅದಾದ ಮೇಲೆ ಪೈಲಟ್‌ಗಳಿಗೆ ಚೆಕ್‌ಲಿಸ್ಟ್ ಬಂತು. ಅವರಿಗೆ ವಿಮಾನ ಓಡಿಸಲು ಬರುವುದಿಲ್ಲ ಅಂತಲ್ಲ, ಬರುವವರೂ ಮರೆಯುತ್ತಾರೆ ಅಂತ. ನೀವು ಬರೆದಿಡುವುದೂ ಅಂಥದ್ದೇ ಆಗಿರಲಿ. ಮರೆತರೆ ಅನಾಹುತ ಆಗುವ ಸಂಗತಿಗಳು ಮಾತ್ರ, ಒಂದೇ ಪುಟ. ಬರೆಯುವುದು ನೀವಲ್ಲ, ಪಕ್ಕದಲ್ಲಿ ಕೂತು ಕೆಲಸ ಮಾಡಿದವರೇ ಬರೆಯಲಿ, ನೀವು ತಿದ್ದಿ.

ಬಾಕಿ ಉಳಿದ ಮಾತು

ಹಿಂದೆ ಎಲ್ಲರ ಮುಂದೆ ಒಬ್ಬರನ್ನು ಜೋರಾಗಿ ಬೈದಿದ್ದೆ. ಆ ತಪ್ಪು ಅವರದ್ದಲ್ಲ ಎಂದು ಆಮೇಲೆ ಗೊತ್ತಾಯಿತು. ಕ್ಯಾಬಿನ್ನಿಗೆ ಕರೆದು 'ಬಿಡಿ, ಆಗಿದ್ದಾಯ್ತು' ಎಂದಿದ್ದೆ, ಅಷ್ಟೇ. ಹೊರಡುವ ಎರಡು ವಾರ ಮುಂಚೆ ತಂಡದ ಮೀಟಿಂಗಿನಲ್ಲಿ, ಬೈದ ಹಾಗೆಯೇ ಎಲ್ಲರ ಮುಂದೆ, ಅವರ ಕ್ಷಮೆ ಕೇಳಿದೆ. ಅವರು ಏನೂ ಹೇಳಲಿಲ್ಲ, ಸಂಜೆ ಹೋಗುವಾಗ ಬಂದು ಕೈ ಹಿಡಿದುಕೊಂಡರು. ಇಂಥದ್ದೊಂದು ನಿಮ್ಮಲ್ಲೂ ಇದ್ದರೆ ಕೊನೆಯ ದಿನದವರೆಗೆ ಕಾಯಬೇಡಿ. ಕೊನೆಯ ದಿನ ಕೇಳಿದರೆ ಅವರಿಗೆ ಉತ್ತರ ಕೊಡಲು ಸಮಯವೇ ಇರುವುದಿಲ್ಲ.

ಮೆಚ್ಚುಗೆಯೂ ಹಾಗೇ. 'ಎಲ್ಲರಿಗೂ ಧನ್ಯವಾದ' ಎಂದು ಒಂದು ಮೇಲ್ ಹಾಕುವ ಬದಲು ಒಬ್ಬೊಬ್ಬರಿಗೂ ಅವರು ಮಾಡಿದ ಒಂದು ಕೆಲಸವನ್ನು ಹೆಸರಿಸಿ ನಾಲ್ಕು ಸಾಲು ಬರೆಯಿರಿ. ನಿಮ್ಮ ಮೇಲಿನವರಿಗೂ ಹೇಳಿ, ಯಾರ ಯಾವ ಕೆಲಸ ನಿಮ್ಮ ಹೆಸರಲ್ಲಿ ಮೇಲೆ ಹೋಗಿತ್ತು ಎಂದು. ನೀವು ಹೋದ ಮೇಲೆ ಅದನ್ನು ಹೇಳುವವರು ಬೇರೆ ಯಾರೂ ಇರುವುದಿಲ್ಲ.

ಬಿಟ್ಟ ಮೇಲೂ ಫೋನ್ ಬರುತ್ತದೆ. ಎತ್ತಿ. ಆದರೆ ಒಂದು ತಿಂಗಳು ಮಾತ್ರ ಎಂದು ಮೊದಲೇ ಹೇಳಿರಿ, ಇಲ್ಲದಿದ್ದರೆ ಹೊಸಬರು ಯಾವತ್ತೂ ಆ ಕುರ್ಚಿಯಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ಉತ್ತರ ಹೇಳುವ ಮುಂಚೆ 'ನಿಮಗೇನು ಅನ್ನಿಸುತ್ತೆ?' ಎಂದು ಕೇಳಿ. ನನಗೆ ಮೊದಲ ವಾರ ಆರು ಫೋನ್ ಬಂದವು. ನಾಲ್ಕನೆಯ ವಾರ ಒಂದೇ ಬಂತು, ಆ ಹುಡುಗನದ್ದು. ಲೆಕ್ಕ ತಾಳೆಯಾಯಿತು ಎಂದು ಹೇಳಲು ಮಾಡಿದ್ದ.