ಟಿ-ಟೆಸ್ಟ್: ಲೆಕ್ಕ ಕ್ಯಾಲ್ಕುಲೇಟರಿಗೆ ಬಿಡಿ, ದಿಕ್ಕು ನೀವೇ ಆರಿಸಿ

ಕೆಲವೇ ಅಳತೆಗಳನ್ನು ನೋಡಿ, ಇಡೀ ಗುಂಪಿನ ಸರಾಸರಿ ಹೇಳಿದಷ್ಟೇ ಇದೆಯಾ ಅಂತ ಪರೀಕ್ಷಿಸುವುದು ಒನ್-ಸ್ಯಾಂಪಲ್ ಟಿ-ಟೆಸ್ಟ್. ಗ್ರಾಫಿಂಗ್ ಕ್ಯಾಲ್ಕುಲೇಟರಿಗೆ ಅದು ಅರೆಗಳಿಗೆಯ ಕೆಲಸ. ಆದರೂ ಪಟಪಟ ಅಂತ ಕೀಲಿ ಒತ್ತಿ, ತಪ್ಪು ಉತ್ತರವನ್ನು ನೀಟಾಗಿ ಬರೆದಿಟ್ಟವರನ್ನು ಎಷ್ಟೋ ಸಲ ನೋಡಿದ್ದೇನೆ. ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಅದನ್ನು ಮೂರನೇ ಹಂತದಲ್ಲಿ ಹೇಳುತ್ತೇನೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಬಾಟಲಿ ಮೇಲೆ 500 ಮಿಲಿ ಅಂತಿದೆ. 8 ಬಾಟಲಿ ಅಳೆದಾಗ ಸಿಕ್ಕಿದ್ದು 498, 501, 496, 499, 497, 500, 495, 498. ಎಲ್ಲ ಬಾಟಲಿಗಳ ಸರಾಸರಿ ನಿಜಕ್ಕೂ 500 ಇದೆಯಾ? ಕೀಲಿಗಳನ್ನು ಟಿಐ-84 ಪ್ಲಸ್ ಅನ್ನುವ ಗ್ರಾಫಿಂಗ್ ಕ್ಯಾಲ್ಕುಲೇಟರಿನ ಲೆಕ್ಕದಲ್ಲಿ ಹೇಳುತ್ತೇನೆ.

1. ಸ್ಟ್ಯಾಟ್ ಒತ್ತಿ, ಎಡಿಟ್‌ಗೆ ಹೋಗಿ, ಎಲ್1 ಅನ್ನುವ ಪಟ್ಟಿಯಲ್ಲಿ ಅಂಕಿ ತುಂಬಿ. ಹಳೇ ಅಂಕಿ ಇದ್ದರೆ ಎಲ್1 ಹೆಸರಿನ ಮೇಲೇ ನಿಂತು ಕ್ಲಿಯರ್, ಎಂಟರ್. ಅಲ್ಲಿ ಡಿಲೀಟ್ ಒತ್ತಿದರೆ ಪಟ್ಟಿಯೇ ಮಾಯ! ಹಾಗಾದರೆ ಗಾಬರಿ ಬೇಡ. ಸ್ಟ್ಯಾಟ್, 5, ಎಂಟರ್ ಒತ್ತಿದರೆ ವಾಪಸ್ ಬರುತ್ತದೆ.

2. ಸ್ಟ್ಯಾಟ್, ಟೆಸ್ಟ್ಸ್, 2 (ಟಿ-ಟೆಸ್ಟ್). ಮೊದಲನೆಯದು ಝಡ್-ಟೆಸ್ಟ್. ತೆರೆ (ಸ್ಕ್ರೀನ್) ನಿಮ್ಮ ಹತ್ತಿರ ಸಿಗ್ಮಾ (ಇಡೀ ಗುಂಪಿನ ಅಂಕಿಗಳು ಎಷ್ಟು ಚದುರಿವೆ ಅನ್ನುವ ಅಳತೆ) ಕೇಳುತ್ತಿದ್ದರೆ ಅಲ್ಲಿಗೇ ಹೋಗಿದ್ದೀರಿ, ಹಿಂದೆ ಬನ್ನಿ.

3. ಈಗ ನಿಧಾನಿಸಿ. ಈ ತೆರೆಗೆ ಹಳೆಯದನ್ನೆಲ್ಲ ನೆನಪಿಟ್ಟುಕೊಳ್ಳುವ ಚಾಳಿ ಇದೆ. ಹೋದ ವಾರದ ಲೆಕ್ಕದ ಅಂಕಿ ಇವತ್ತೂ ಕೂತಿರುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಓದಿ.

ಮೇಲಿನ ಸಾಲಿನಲ್ಲಿ ಡೇಟಾ ಆರಿಸಿ. ಅಂಕಿಗಳು ಕೈಯಲ್ಲಿರುವಾಗ ಪಕ್ಕದ ಸ್ಟ್ಯಾಟ್ಸ್ (ಸರಾಸರಿ ಮುಂತಾದವನ್ನು ನೀವೇ ತುಂಬುವ ಆಯ್ಕೆ) ಗೊಡವೆಗೆ ಹೋಗಲೇಬೇಡಿ. ಅಲ್ಲಿ ಎಸ್‌ಎಕ್ಸ್ ಹಾಕುವ ಕಡೆ ಸಿಗ್ಮಾಎಕ್ಸ್ ಹಾಕಿಬಿಡುವವರು ಜಾಸ್ತಿ. ಎರಡೂ ಚದುರುವಿಕೆಯ ಅಳತೆಗಳೇ. ಮೊದಲನೆಯದು ಸ್ಯಾಂಪಲ್‌ಗೆ, ಎರಡನೆಯದು ಈ ಅಂಕಿಗಳೇ ಇಡೀ ಗುಂಪು ಅಂದುಕೊಂಡಾಗ. ನಮ್ಮ ಬಾಟಲಿಗಳಲ್ಲಿ ಎಸ್‌ಎಕ್ಸ್ 2, ಸಿಗ್ಮಾಎಕ್ಸ್ 1.87. ಸಣ್ಣ ವ್ಯತ್ಯಾಸ ಅಲ್ವಾ? ಆದರೆ ಟಿ ಬೆಲೆ (ಸ್ಯಾಂಪಲ್ ಸರಾಸರಿ 500ರಿಂದ ಎಷ್ಟು ದೂರ ಅನ್ನುವ ಅಳತೆ) ಮೈನಸ್ 2.83 ಇರಬೇಕಾದದ್ದು ಮೈನಸ್ 3.02 ಆಗಿಬಿಡುತ್ತದೆ.

ಮ್ಯೂ ಸೊನ್ನೆಗೆ, ಅಂದರೆ ಪರೀಕ್ಷಿಸುತ್ತಿರುವ ಸರಾಸರಿಗೆ, 500 ಹಾಕಿ. ಇಲ್ಲಿ ನಿಮ್ಮ ಸ್ಯಾಂಪಲ್‌ನ ಸರಾಸರಿ 498 ಹಾಕಿದರೆ ಟಿ ಸೊನ್ನೆ, ಪಿ (ಮ್ಯೂ ಸೊನ್ನೆ ನಿಜವಾಗಿದ್ದರೆ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಬರುವ ಸಂಭವ) 1. ಅಂಥ ಉತ್ತರ ಕಂಡರೆ ಮೊದಲು ಈ ಸಾಲನ್ನೇ ನೋಡಿ. ಲಿಸ್ಟ್ ಎಲ್1, ಫ್ರೀಕ್ವೆನ್ಸಿ (ಪ್ರತಿ ಅಂಕಿಯನ್ನು ಎಷ್ಟು ಸಲ ಎಣಿಸಬೇಕು ಅನ್ನುವುದು) 1. ಅಲ್ಲಿ ಹಿಂದಿನ ಎಲ್2 ಉಳಿದಿದ್ದರೆ ಅಳಿಸಿ.

ಕೊನೆಗೆ ದಿಕ್ಕು, ಅಂದರೆ ಸರಾಸರಿ 500ಕ್ಕಿಂತ ಯಾವ ಕಡೆ ಇದೆ ಅಂತ ಪರೀಕ್ಷಿಸುತ್ತಿದ್ದೀರಿ ಅನ್ನುವುದು. ಬಹಳ ಜನ ಬೀಳುವುದು ಇಲ್ಲೇ. 'ಸಮ ಅಲ್ಲ', 'ಕಡಿಮೆ', 'ಜಾಸ್ತಿ' ಅಂತ ಮೂರು ಆಯ್ಕೆ ಇವೆ. ಬಾಟಲಿಗಳಿಗೆ 'ಸಮ ಅಲ್ಲ' ಅಂದರೆ ಪಿ 0.0255. 'ಕಡಿಮೆ' ಅಂದರೆ 0.0127. 'ಜಾಸ್ತಿ' ಅಂದರೆ 0.9873. ಡೇಟಾ ಅದೇ, ಟಿ ಅದೇ, ತೀರ್ಪು ಮಾತ್ರ ಬೇರೆ. ಮೂರನ್ನೂ ಒತ್ತಿ, ಆಮೇಲೆ ಚೆನ್ನಾಗಿ ಕಂಡದ್ದನ್ನು ಬರೆಯುವುದು ಮೋಸ. ಪ್ರಶ್ನೆ ಓದಿದ ಕೂಡಲೇ, ಅಂಕಿ ನೋಡುವ ಮೊದಲೇ, ದಿಕ್ಕನ್ನು ಕಾಗದದ ಮೇಲೆ ಬರೆದಿಡಿ. 500 ಇದೆಯಾ ಇಲ್ಲವಾ ಅಂತಷ್ಟೇ ಕೇಳಿದ್ದರಿಂದ ನಮ್ಮದು 'ಸಮ ಅಲ್ಲ'.

(ಫೋನಿನಲ್ಲಿ ಸಿಗುವ ಕೆಲವು ಉಚಿತ ಆ್ಯಪ್‌ಗಳು ಈ ದಿಕ್ಕನ್ನೇ ಕೇಳುವುದಿಲ್ಲ, ಸುಮ್ನೆ ಒಂದು ಪಿ ಎಸೆಯುತ್ತವೆ. ಅಂಥವನ್ನು ನಂಬಬೇಡಿ.)

4. ಕ್ಯಾಲ್ಕುಲೇಟ್ ಮೇಲೆ ಎಂಟರ್. ಪಕ್ಕದ ಡ್ರಾ ಚಿತ್ರ ಚೆನ್ನಾಗಿದೆ, ಆದರೆ ಅದರಲ್ಲಿ ಸರಾಸರಿಯೂ ಎಸ್‌ಎಕ್ಸ್ ಕೂಡ ಕಾಣುವುದಿಲ್ಲ.

5. ಸರಾಸರಿ 498, ಎಸ್‌ಎಕ್ಸ್ 2, ಎನ್ (ಅಂಕಿಗಳ ಎಣಿಕೆ) 8 ಬಂದಿದೆಯಾ? ಎನ್ 7 ಅಂತಿದ್ದರೆ ಒಂದು ಅಂಕಿ ಬಿಟ್ಟಿದ್ದೀರಿ. ಡಿಗ್ರೀಸ್ ಆಫ್ ಫ್ರೀಡಂ ಈ ತೆರೆಯಲ್ಲಿ ಬರುವುದಿಲ್ಲ. ಎನ್‌ನಿಂದ 1 ಕಳೆದು 7 ಅಂತ ನೀವೇ ಬರೆಯಬೇಕು.

ಪಿ 0.05ಕ್ಕಿಂತ ಕಡಿಮೆ, ಹಾಗಾಗಿ ಸರಾಸರಿ 500 ಅನ್ನುವ ಮಾತನ್ನು 5 ಶೇಕಡಾ ಮಟ್ಟದಲ್ಲಿ ತಳ್ಳಿಹಾಕಬಹುದು. ಪಿ ದೊಡ್ಡದಾಗಿ ಬಂದಿದ್ದರೆ '500 ನಿಜ' ಅಂತ ಬರೆಯಬೇಡಿ, 'ತಳ್ಳಿಹಾಕಲು ಸಾಕಷ್ಟು ಆಧಾರ ಇಲ್ಲ' ಅನ್ನಿ. ಇನ್ನು ಯಾವತ್ತಾದರೂ ಪಿ 3.2 ಅಂತ ಕಂಡರೆ ಸಾಲಿನ ಬಲತುದಿಗೆ ಕಣ್ಣು ಹಾಯಿಸಿ. ಅಲ್ಲಿ 'ಇ ಮೈನಸ್ 4' ಅಂತ ಅಂಟಿಕೊಂಡಿರುತ್ತದೆ. ಅಂದರೆ ಪಿ 0.00032.