ಕನ್ನಡ ಪದಸೂಚಿಗೆ ಜಾವಾ ರೆಗೆಕ್ಸ್: ಒಂದೇ ಫ್ಲ್ಯಾಗ್ ಸಾಕಾಯಿತು

ಮಾದರಿ (ಪ್ಯಾಟರ್ನ್) ಕೊಟ್ಟು ಪಠ್ಯದಲ್ಲಿ ಹುಡುಕುವ ರೆಗೆಕ್ಸ್ ಕನ್ನಡಕ್ಕೆ ಒಗ್ಗುವುದಿಲ್ಲ, ಪದ ಬಿಡಿಸಲು ಬೇರೆ ತಂತ್ರಾಂಶವನ್ನೇ ಬರೆಸಬೇಕು ಎಂದು ನನ್ನ ಜೊತೆಗಾರರೆಲ್ಲ ಹೇಳಿದ್ದರು. ಅದಕ್ಕೆ ಒಂದು ಕಂಪನಿ ಕೇಳಿದ್ದು ಮೂರು ಲಕ್ಷದ ಆಸುಪಾಸು. ಚಾಮರಾಜಪೇಟೆಯ ಪ್ರಕಾಶಕರೊಬ್ಬರ ಹಳೆಯ ಪುಸ್ತಕಗಳಿಗೆ ಪದಸೂಚಿ ಮಾಡಿಕೊಡಲು ನಾನು ಒಪ್ಪಿದ್ದ ಹಣ ಅದರ ಕಾಲುಭಾಗವೂ ಇರಲಿಲ್ಲ. ಆದರೂ ಕೆಲಸ ಮುಗಿಸಿದ್ದೇನೆ. ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪ್ಯಾಟರ್ನ್ ಕಂಪೈಲ್ ಮಾಡುವಾಗ (ಬಳಕೆಗೆ ಸಿದ್ಧಪಡಿಸುವಾಗ) ಕೊಡುವ ‘ಯೂನಿಕೋಡ್ ಕ್ಯಾರೆಕ್ಟರ್ ಕ್ಲಾಸ್’ ಫ್ಲ್ಯಾಗ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳನ್ನೂ ಗುರುತಿಸು ಎನ್ನುವ ಆಯ್ಕೆ, ಜಾವಾ 7ರಿಂದಲೂ ಇದೆ. ಅದನ್ನು ಹಾಕಿ ನೋಡಿದವರೇ ಕಡಿಮೆ.

ಮೊದಲು ಎಲ್ಲರಂತೆ ಅಕ್ಷರವರ್ಗದ ‘ಪಿ ಎಲ್’ ಬಳಸಿದೆ. ಅದು ಮೂಲಾಕ್ಷರವನ್ನಷ್ಟೇ ಹಿಡಿಯುತ್ತದೆ. ಕಾಗುಣಿತದ ಚಿಹ್ನೆ, ಹಲಂತ, ಅನುಸ್ವಾರ ಎಲ್ಲವೂ ಹೊರಗೆ. ‘ಕನ್ನಡ’ ಎಂಬುದು ‘ಕನ’ ಮತ್ತು ‘ನಡ’ ಆಯಿತು. ಆ ಸೂಚಿ ನೋಡಿದ ಪ್ರಕಾಶಕರು ಎರಡನೆಯ ಕಂತು, ಸುಮಾರು ಹನ್ನೆರಡು ಸಾವಿರ, ತಡೆದುಬಿಟ್ಟರು. ಮುಂದೆ ಯೂನಿಕೋಡ್ ಸಂಕೇತಗಳಲ್ಲಿ 0ಸಿ80ರಿಂದ 0ಸಿಎಫ್ಎಫ್ ವರೆಗಿನ ಕನ್ನಡ ವಲಯವನ್ನೇ ಬರೆದೆ. ಬಹುಪಾಲು ಸರಿಹೋಯಿತು, ಆದರೆ ‘ರಾಜ್‌ಕುಮಾರ್’ ಎರಡು ತುಂಡಾಯಿತು. ‘ಜ್’ ಮತ್ತು ‘ಕು’ ನಡುವೆ ಕೂತಿರುವ ಕಾಣದ ಅಕ್ಷರ ಕನ್ನಡ ವಲಯದ್ದಲ್ಲ. ಫ್ಲ್ಯಾಗ್ ಹಾಕಿದಾಗ ಪದದ ಅಕ್ಷರಗಳನ್ನು ಹಿಡಿಯುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯು’ ಅದನ್ನೂ ಸೇರಿಸಿಕೊಳ್ಳುತ್ತದೆ. ಪ್ಯಾಟರ್ನ್‌ಗಳನ್ನು ಮತ್ತೆ ಬರೆಯುವ ಗೋಜೇ ಇಲ್ಲ.

ಪದದ ಗಡಿ ಹುಡುಕುವ ‘ಬ್ಯಾಕ್‌ಸ್ಲ್ಯಾಶ್ ಬಿ’ ವಿಷಯದಲ್ಲಿ ಎಚ್ಚರವಿರಲಿ. ಜಾವಾ 18ರವರೆಗೆ ಅದು ಫ್ಲ್ಯಾಗ್ ಇಲ್ಲದೆಯೂ ಕನ್ನಡವನ್ನು ಅಷ್ಟಿಷ್ಟು ಗುರುತಿಸುತ್ತಿತ್ತು; 19ರಿಂದ ಆಸ್ಕಿಗೆ, ಅಂದರೆ ಇಂಗ್ಲಿಷ್ ಅಕ್ಷರ-ಅಂಕಿಗಳಿಗೆ, ಸೀಮಿತ. ಪ್ರಕಾಶಕರ ಸರ್ವರ್ 17ರಿಂದ 21ಕ್ಕೆ ಹೋದ ದಿನ ಅಲ್ಲಿದ್ದ ಹಳೆಯ ಹುಡುಕಾಟವೆಲ್ಲ ಬರಿಗೈಯಲ್ಲಿ ಮರಳಿತು. ಅಲ್ಲಿಗೂ ಇದೇ ಮದ್ದು.

‘ನುಡಿ’ ತಂತ್ರಾಂಶದಿಂದ ಯೂನಿಕೋಡ್‌ಗೆ ತಂದ ಕಡತಗಳಲ್ಲಿ ಇನ್ನೊಂದು ತೊಡಕಿತ್ತು. ‘ಕೊ’ದ ಒತ್ವ ಕೆಲವೆಡೆ ಒಂದೇ ಸಂಕೇತ, ಕೆಲವೆಡೆ ಎತ್ವ ಮತ್ತು ಊತ್ವದ ಜೋಡಿ. ‘ಕ್ಯಾನನ್ ಈಕ್ಯೂ’ ಫ್ಲ್ಯಾಗ್ ಇದಕ್ಕೆಂದೇ ಇದೆ. ಹಾಕಿದೆ, ದೊಡ್ಡ ಪುಸ್ತಕಗಳಲ್ಲಿ ತೆವಳಿತು, ತೆಗೆದೆ. ಕಡತ ಓದುವಾಗಲೇ ಒಮ್ಮೆ, ಇಂಥ ಜೋಡಿಯನ್ನು ಒಂದೇ ಸಂಕೇತವಾಗಿಸುವ ರೂಪವಾದ ಎನ್‌ಎಫ್‌ಸಿಗೆ ತಂದರೆ ಸಾಕು.

ಕುತೂಹಲಕ್ಕೆ ಪುಟಸಂಖ್ಯೆಗಳನ್ನೂ ಪರೀಕ್ಷಿಸಿದೆ. ಆ ಮೊದಲಿನ ಯೂನಿಕೋಡ್ ಫ್ಲ್ಯಾಗ್‌ನಿಂದ ‘ಬ್ಯಾಕ್‌ಸ್ಲ್ಯಾಶ್ ಡಿ’ ೧೨೫ನ್ನು ಹಿಡಿಯುತ್ತದೆ, ಪಠ್ಯವನ್ನು ಸಂಖ್ಯೆಯಾಗಿಸುವ ‘ಪಾರ್ಸ್‌ಇಂಟ್’ ಅದನ್ನು ನೇರವಾಗಿ 125 ಎಂದು ಓದುತ್ತದೆ. ಅಂಕಿ ಬದಲಿಸಲು ಬರೆದಿದ್ದ ನೂರಾರು ಸಾಲನ್ನು ಸಂತೋಷದಿಂದ ಅಳಿಸಿದೆ. ಪೈಥಾನ್‌ನ ರೆಗೆಕ್ಸ್ ಮಾಡ್ಯೂಲ್ ‘ರೀ’ ಮಾತ್ರ ಇಂದಿಗೂ ‘ಕನ್ನಡ’ವನ್ನು ಒಡೆಯುತ್ತದೆ, ಅಲ್ಲಿ ‘ರೆಗೆಕ್ಸ್’ ಎಂಬ ಹೊರಗಿನ ಮಾಡ್ಯೂಲ್ ಬೇಕು.

‘ಪುಸ್ತಕದಲ್ಲಿ’, ‘ಪುಸ್ತಕಕ್ಕೆ’, ‘ಪುಸ್ತಕದಿಂದ’ ಮೂರೂ ‘ಪುಸ್ತಕ’ದ ಕೆಳಗೇ ಬರುವಂತೆ ಪ್ರತ್ಯಯಗಳನ್ನು ಯಾವ ಕ್ರಮದಲ್ಲಿ ಕಳಚುತ್ತೇನೆ ಎಂಬುದನ್ನು ಹೇಳುವುದಿಲ್ಲ, ನನ್ನ ಸಂಪಾದನೆ ನಿಂತಿರುವುದೇ ಅದರ ಮೇಲೆ. ತಡೆದಿದ್ದ ಕಂತು ಬಂತು. ಈಗ ಪುಟಕ್ಕೆ ಹತ್ತು ರೂಪಾಯಿಯಂತೆ ಅವೆನ್ಯೂ ರಸ್ತೆಯ ಇನ್ನೊಬ್ಬ ಪ್ರಕಾಶಕರ ಕೆಲಸವೂ ಕೈಯಲ್ಲಿದೆ.