ಹಳೆ ಕ್ಯಾಂಪರ್ ಗಾಡಿ ಘಾಟಿಯಲ್ಲಿ ಹೀಟ್ ಆಗುತ್ತಿದ್ದರೆ

ಹಳೆ ಟೆಂಪೋ ಟ್ರಾವೆಲರ್‌ನಲ್ಲಿ ಹಾಸಿಗೆ, ಅಡುಗೆಕಟ್ಟೆ, ನೀರಿನ ಟಾಕಿ ಕೂಡಿಸಿದವರು ಹುಬ್ಬಳ್ಳಿಯಿಂದ ಅಂಕೋಲೆಗೆ ಆರಾಮಾಗಿ ಇಳಿಯುತ್ತಾರೆ. ವಾಪಸ್ ಅರಬೈಲ್ ಘಾಟಿ ಏರುವಾಗ ಟೆಂಪರೇಚರ್ ಮುಳ್ಳು ಕೆಂಪಿಗೆ ಬರುತ್ತದೆ. ತಕ್ಷಣ ಹೊಸ ರೇಡಿಯೇಟರ್ ಹಾಕಿಸಲು ಹೋಗಬೇಡಿ. ಯಾವಾಗ ಹೀಟ್ ಆಗುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಟ್ರಾಫಿಕ್ಕಿನಲ್ಲಿ ನಿಂತಾಗ ಮುಳ್ಳು ಏರಿ, ಓಡುವಾಗ ಇಳಿದರೆ ಫ್ಯಾನ್ ನೋಡಿ. ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟ್ ಸುಮಾರು 10 ಮಿ.ಮೀ. ತಗ್ಗಬೇಕು, ಹೆಚ್ಚಾದರೆ ಸಡಿಲ. ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಬಿಗಿ ಹಿಡಿದು ಜೋರಾಗಿ ತಿರುಗುವಂಥದ್ದು) ಇದ್ದರೆ, ಬಿಸಿ ಎಂಜಿನ್ ಬಂದ್ ಮಾಡಿದ ಮೇಲೆ ಕೈಯಿಂದ ತಿರುಗಿಸಿ. ಬಿಗಿ ಹಿಡಿಯದೆ ಗಿರಗಿರನೆ ತಿರುಗಿದರೆ ಅದರ ಕ್ಲಚ್ ಹೋಗಿದೆ.

ಏರಿನಲ್ಲಿ, ಹೈವೇಯಲ್ಲಿ ಹೀಟ್ ಆದರೆ ರೇಡಿಯೇಟರ್ ಕಟ್ಟಿಕೊಂಡಿರುವುದೇ ಹೆಚ್ಚು. ಹಾವೇರಿ, ಗದಗ ಕಡೆ ಸುಗ್ಗಿಯಲ್ಲಿ ಓಡಿದ ಗಾಡಿಯಾದರೆ ರೇಡಿಯೇಟರಿನ ಮುಂದಿರುವ ಎಸಿ ಕಂಡೆನ್ಸರನ್ನು ಮುಂದಕ್ಕೆ ಸರಿಸಿ, ಅದರ ಹಿಂದೆ ಟಾರ್ಚ್ ಹಾಕಿ ನೋಡಿ: ಗೋವಿನಜೋಳದ ಹೊಟ್ಟು, ಹತ್ತಿ ಎಳೆ, ಕರಿ ಧೂಳು ಕೂಡಿ ಕಂಬಳಿಯ ಹಾಗೆ ಕೂತಿರುತ್ತದೆ. ಎಂಜಿನ್ ಕಡೆಯಿಂದ ಹೊರಕ್ಕೆ ಮನೆಯ ಪೈಪಿನಿಂದಲೇ ತೊಳೆಯಿರಿ. ಸರ್ವೀಸ್ ಸ್ಟೇಷನ್ನಿನ ಪ್ರೆಶರ್ ನೀರು ರೆಕ್ಕೆಗಳನ್ನು ಮಡಚಿಬಿಡುತ್ತದೆ.

ರೇಡಿಯೇಟರ್ ಒಳಗಡೆ ಕಟ್ಟುವುದು ಬೋರ್ ನೀರಿನ ಪಾಪ. ಸವಳು ನೀರು ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಗಾಡಿ ಓಡಿಸಿ ನಿಲ್ಲಿಸಿದ ಮೇಲೆ ಟೆಂಪರೇಚರ್ ಗನ್ ಹಿಡಿದರೆ, ಕಟ್ಟಿದ ಜಾಗ ಸುತ್ತಲಿಗಿಂತ ತಣ್ಣಗೆ ತೋರುತ್ತದೆ. ಅಂಥ ರೇಡಿಯೇಟರ್ ಬಿಚ್ಚಿಸಿ, ಟ್ಯಾಂಕ್ ತೆರೆಸಿ, ಕೊಳವೆಗಳಲ್ಲಿ ಕಡ್ಡಿ ಆಡಿಸಿ ಶುಚಿ ಮಾಡಿಸಬೇಕು. ತಿರುಗಿ ತುಂಬುವಾಗ ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ಮುಚ್ಚಳವನ್ನೂ ಬದಲಿಸಿ. ಅದರ ರಬ್ಬರ್ ಒಣಗಿದರೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ.

ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದಾಗ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆಗೆದೆಸೆಯುವುದು ನಮ್ಮ ಕಡೆ ರೂಢಿ, ಆದರೆ ತಪ್ಪು. ಅನೇಕ ಎಂಜಿನ್‌ಗಳಲ್ಲಿ ಬೈಪಾಸ್ ದಾರಿ ಮುಚ್ಚುವುದೂ ಅದೇ. ಅದಿಲ್ಲದಿದ್ದರೆ ಬಿಸಿನೀರು ರೇಡಿಯೇಟರ್ ಬಿಟ್ಟು ಎಂಜಿನ್‌ನಲ್ಲೇ ಸುತ್ತುತ್ತದೆ. ಅನುಮಾನವಿದ್ದರೆ ದಾರಕ್ಕೆ ಕಟ್ಟಿ ಬೋಗುಣಿಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಅದರ ಮೈಮೇಲೆ ಬರೆದ ಡಿಗ್ರಿಯ ಹತ್ತಿರ ಬಾಯಿ ಬಿಡಬೇಕು, ಕುದಿಯುವಷ್ಟರಲ್ಲಿ ಪೂರ್ತಿ ತೆರೆದಿರಬೇಕು.

ತಣ್ಣನೆ ಎಂಜಿನ್ ಚಾಲೂ ಮಾಡಿ ರೇಸ್ ಕೊಟ್ಟಾಗ ರೇಡಿಯೇಟರ್ ಬಾಯಲ್ಲಿ ಗುಳ್ಳೆ ನಿಲ್ಲದೆ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಕೆಳಗಿನ ಸೀಲ್) ಹೋಗಿರಬಹುದು. ಅದು ಖಚಿತವಾಗುವ ತನಕ ಬೇರೆ ಖರ್ಚು ಬೇಡ.

ಘಾಟಿಗೆ ಮುಂಚೆ ಅಂಕೋಲೆಯಲ್ಲಿ ಗಾಡಿಯ ನೀರಿನ ಟಾಕಿ ತುಂಬಿಸಬೇಡಿ. 100 ಲೀಟರ್ ಅಂದರೆ 100 ಕಿಲೋ ಭಾರ, ಘಾಟಿ ಹತ್ತಿದ ಮೇಲೆ ಯಲ್ಲಾಪುರದಲ್ಲೇ ತುಂಬಿಸಿಕೊಳ್ಳಿ. ರೇಡಿಯೇಟರಿಗೆಂದು 10 ಲೀಟರ್ ಮಾತ್ರ ಕ್ಯಾನ್‌ನಲ್ಲಿರಲಿ. ಮುಳ್ಳು ಏರತೊಡಗಿದರೆ ಎಸಿ ಬಂದ್ ಮಾಡಿ, ಹೀಟರ್ ಪೂರ್ತಿ ಚಾಲೂ ಮಾಡಿ, ಒಂದು ಗೇರ್ ಇಳಿಸಿ. ಆವಿ ಕಂಡರೆ ಬದಿಗೆ ನಿಲ್ಲಿಸಿ ಕೂಡಲೇ ಎಂಜಿನ್ ಬಂದ್ ಮಾಡಿ. ಕನಿಷ್ಠ 45 ನಿಮಿಷ ಮುಚ್ಚಳ ಮುಟ್ಟಬೇಡಿ. ಆಮೇಲೂ ದಪ್ಪ ಬಟ್ಟೆ ಹಾಕಿ, ಮೊದಲ ಮೆಟ್ಟಿಲ ತನಕ ತಿರುಗಿಸಿ, ಸುಯ್ಯೆನ್ನುವುದು ನಿಂತ ಮೇಲೆ ತೆಗೆಯಿರಿ. ಎಂಜಿನ್ ಐಡಲಿನಲ್ಲಿಟ್ಟು ನೀರನ್ನು ಸ್ವಲ್ಪ ಸ್ವಲ್ಪವೇ ಹುಯ್ಯಿರಿ. ಕಾದ ಎಂಜಿನ್ನಿಗೆ ಒಮ್ಮೆಲೆ ತಣ್ಣೀರು ಬಿದ್ದರೆ ಹೆಡ್ ಸೀಳಬಹುದು.